ಬೇವಿನ ದಿಮ್ಮಿ ಕಾಯಲು ಹೋದದ್ದು

ನಮ್ಮ ಮನೆಯ ಊಟದ ಮೇಜಿನ ಮೇಲೆ ಬಹಳ ದಿನಗಳಿಂದ ಒಂದು ಸಾ ಮಿಲ್ ನಡೆಯುತ್ತಿದೆ. ನಡೆಯುತ್ತಿದೆ ಎನ್ನುವುದು ಬರೀ ಔಪಚಾರಿಕ ಮಾತು. ಅದರ ಗರಗಸ ತಿರುಗುವುದಿಲ್ಲ, ಅದರ ದಿಮ್ಮಿಗಳು ಬೆಂಡೆಕಾಯಿಗಿಂತ ದಪ್ಪವಿಲ್ಲ, ಅದರ ಕೆಲಸಗಾರರು ಹೆಬ್ಬೆರಳಿನ ಉಗುರಿಗಿಂತ ತುಸುವೇ ಎತ್ತರ. ಆ ಕುಬ್ಜ ಕಾರ್ಮಿಕರಿಗೆ ಅಂಗಿಯ ಬಣ್ಣ ಬಳಿಯುತ್ತಿದ್ದ ಒಂದು ಮಧ್ಯಾಹ್ನ ನನಗೊಂದು ಕ್ಷುಲ್ಲಕ ಸಂಗತಿ ಕಣ್ಣಿಗೆ ಬಿತ್ತು: ಅವರಲ್ಲಿ ಯಾರೊಬ್ಬರೂ ಕುಳಿತಿಲ್ಲ. ಒಬ್ಬ ದಿಮ್ಮಿ ನೂಕುತ್ತಾನೆ, ಒಬ್ಬ ಹಲಗೆ ಹೊರುತ್ತಾನೆ, ಇನ್ನೊಬ್ಬ ಸೊಂಟದ ಮೇಲೆ ಕೈಯಿಟ್ಟುಕೊಂಡು ಉಳಿದವರನ್ನು ನೋಡುತ್ತಾನೆ. ಇವನೇ ಮೇಲಧಿಕಾರಿ ಎಂಬುದು ನನಗೆ ಸ್ವಾನುಭವದಿಂದಲೇ ಹೊಳೆಯಿತು.

ನನ್ನ ಸ್ವಾನುಭವ ಶಕ್ತಿನಗರದ್ದು. ಅಲ್ಲಿನ ವಿದ್ಯುತ್ ಸ್ಥಾವರದಲ್ಲಿ ಯಂತ್ರಗಳ ಆರೋಗ್ಯ ನೋಡಿಕೊಳ್ಳುವ ಇಂಜಿನಿಯರನಾಗಿ ಯೌವನವನ್ನೂ ತಲೆಗೂದಲನ್ನೂ ಒಟ್ಟಿಗೆ ಕಳೆದುಕೊಂಡು, ನಿವೃತ್ತನಾಗಿ ರಾಯಚೂರಿನ ಮನೆಗೆ ಬಂದು ಕುಳಿತಾಗ, ಮಗಳು ಗೌತಮಿಯ ಗಂಡ ಒಂದು ಪೆಟ್ಟಿಗೆಯನ್ನು ಉಡುಗೊರೆಯಾಗಿ ತಂದುಕೊಟ್ಟ. ಯಾವುದೋ ದೂರದೇಶದ ಹಳೆಯ ಸಾ ಮಿಲ್ಲನ್ನು ಎಂಬತ್ತೇಳರಲ್ಲಿ ಒಂದು ಪಾಲಿಗೆ ಇಳಿಸಿ, ಅದನ್ನೂ ಬಿಡಿಬಿಡಿಯಾಗಿಸಿ, ಬೆಂಕಿಕಡ್ಡಿಗಿಂತ ಸಣ್ಣ ಕಟ್ಟಿಗೆ ಪಟ್ಟಿಗಳು, ಸಾಸಿವೆಯಷ್ಟು ಸೀಸದ ಗಾಲಿಗಳು, ಪುರಾಣದಷ್ಟು ದಪ್ಪದ ಸೂಚನಾಪುಸ್ತಕ, ಹೀಗೆ ತುಂಬಿಸಿಟ್ಟ ಕಿಟ್ ಅದು. ಮಾವನವರು ಮನೆಯೊಳಗೆ ಅತ್ತೆಯವರ ಕಾಲಿಗೆ ತೊಡರದಿರಲಿ ಎಂಬ ದೂರದೃಷ್ಟಿ ಅದರ ಹಿಂದೆ ಇದ್ದಿರಬೇಕು. ನನ್ನ ಹೆಂಡತಿ ಶಾರದಾ ಯರಗೇರಾದ ಶಾಲೆಯಲ್ಲಿ ಇನ್ನೂ ಮಾಸ್ತರಿಕೆ ಮಾಡುತ್ತಾಳೆ. ಬೆಳಗಿನ ಬಸ್ಸಿಗೆ ಹೋದರೆ ಸಂಜೆ ಬರುತ್ತಾಳೆ. ಹಾಗಾಗಿ ತೊಡರಲು ಕಾಲುಗಳೂ ಹಗಲಿನಲ್ಲಿ ಲಭ್ಯವಿರಲಿಲ್ಲ.

ಆ ಸೂಚನಾಪುಸ್ತಕದ ತತ್ತ್ವಜ್ಞಾನ ವಿಚಿತ್ರವಾದದ್ದು. ಕಟ್ಟುವುದು ಅದರ ದೃಷ್ಟಿಯಲ್ಲಿ ಅರ್ಧ ಕೆಲಸ ಮಾತ್ರ. ಕಟ್ಟಿದ್ದನ್ನು ಹಾಳು ಮಾಡುವುದೇ ನಿಜವಾದ ಕಲೆ. ಹೊಸ ಹಲಗೆಗೆ ಮಸಿನೀರು ಕುಡಿಸಿ ಮುದಿಯಾಗಿಸಬೇಕು, ಒಂದೆರಡನ್ನು ಬ್ಲೇಡಿನಿಂದ ಸೀಳಬೇಕು, ಸೂಜಿಯಿಂದ ಚುಚ್ಚಿ ಮೊಳೆಯ ಗುರುತು ಮೂಡಿಸಬೇಕು, ತಗಡಿನ ಮಾಡಿಗೆ ಮೂರು ಬಗೆಯ ಕಂದು ಬಣ್ಣ ಕಲಸಿ ತುಕ್ಕು ಹಿಡಿಸಬೇಕು. ಜೀವಮಾನವಿಡೀ ತುಕ್ಕಿನ ಜೊತೆ ಜಗಳವಾಡಿ ಸಂಬಳ ಪಡೆದವನು ನಾನು. ಈಗ ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು, ಉಸಿರು ಬಿಗಿಹಿಡಿದು, ಎರಡು ಕೂದಲಿನ ಕುಂಚದಿಂದ ಅದೇ ತುಕ್ಕನ್ನು ಸೃಷ್ಟಿಸುವುದನ್ನು ಕಂಡರೆ ನನ್ನ ಹಳೆಯ ಸಹೋದ್ಯೋಗಿಗಳು ಏನೆಂದಾರು? ರಾಯಚೂರಿನ ಬೇಸಿಗೆಯಲ್ಲಿ ಕಿಟಕಿ ತೆರೆದಿಟ್ಟು ಸುಮ್ಮನಿದ್ದರೆ ಇಷ್ಟೂ ಕೆಲಸ ತಾನಾಗಿಯೇ ಆಗುತ್ತದೆ ಎಂದು ಶಾರದಾ ಹೇಳಿದ್ದಳು. ನಾನು ಅದನ್ನು ಕಲಾವಿರೋಧಿ ನಿಲುವೆಂದು ತಳ್ಳಿಹಾಕಿದೆ.

ಹೀಗೆ ನನ್ನ ಮೇಜಿನ ಗಿರಣಿ ಅರ್ಧಕ್ಕೆ ಬಂದಿದ್ದಾಗ, ಮುಂಗಾರಿಗೆ ಮುಂಚಿನ ಒಂದು ಬಿರುಗಾಳಿಗೆ ನಮ್ಮ ಅಂಗಳದ ಬೇವಿನ ಮರ ಬಿದ್ದಿತು. ಮನೆ ಕಟ್ಟಿಸಿದ ವರ್ಷ ಶಾರದಾ ತಾನೇ ನೆಟ್ಟು, ಪಾತ್ರೆ ತೊಳೆದ ನೀರು ಹಾಕಿ ಬೆಳೆಸಿದ ಮರ. ಅದರ ಬೊಡ್ಡೆಗೆ ಬಟ್ಟೆ ಒಣಹಾಕುವ ತಂತಿಗೆಂದು ಒಂದು ಕಬ್ಬಿಣದ ಕೊಕ್ಕೆ ಹೊಡೆದಿದ್ದೆವು. ಗೌತಮಿಯ ಕೂಸುತನದ ಬಟ್ಟೆಗಳೆಲ್ಲ ಒಣಗಿದ್ದು ಆ ತಂತಿಯ ಮೇಲೆ. ಆಮೇಲೆಂದೋ ಕೊಕ್ಕೆ ಕಿತ್ತೆ; ಗಾಯದ ಸುತ್ತ ಮರ ಕಪ್ಪಗಾಗಿ, ಮೆಲ್ಲಗೆ ಅದನ್ನು ನುಂಗಿಕೊಂಡಿತು. ಈಗ ಗೌತಮಿ ಬಾಣಂತನಕ್ಕೆ ಬರುವವಳಿದ್ದಳು. ಬಿದ್ದ ಮರ ನೋಡಿ ಶಾರದಾ ಒಂದೇ ಮಾತು ಹೇಳಿದಳು: ಇದರಲ್ಲೇ ತೊಟ್ಟಿಲು ಆಗಬೇಕು.

ಶಾಲೆಗೆ ಹೊರಡುವ ಮುನ್ನ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಎಚ್ಚರಿಸಿದಳು. "ಕೊಯ್ಯೋತನಕ ಅಲ್ಲೇ ಕುಂದರ್ರಿ. ನಮ್ಮ ಗಿಡದ ಹಲಗಿ ಕಣ್ಣೆದುರೇ ಟಂಟಂದಾಗ ಏರಬೇಕು."

ಮಾನವಿಯಲ್ಲಿ ಮನೆ ಕಟ್ಟಿಸಿದ ಮಾಸ್ತರರ ಮಗಳು ಆಕೆ. ಅಪ್ಪನೊಡನೆ ಸಾ ಮಿಲ್ಲಿಗೆ ಹೋಗಿ, ತಮ್ಮ ದಿಮ್ಮಿ ಕೊಯ್ದು ಮುಗಿಯುವವರೆಗೆ ಬುತ್ತಿ ಬಿಚ್ಚಿಕೊಂಡು ಕಾಯುತ್ತಾ ಕುಳಿತವಳು. ನಮ್ಮ ಕಡೆ ಎಲ್ಲರೂ ಹಾಗೇ ಕೂರುತ್ತಾರೆ, ಅದಲುಬದಲಾಗದಿರಲಿ ಎಂದು. ನನಗೆ ಮಾತ್ರ ಆ ಸಂಸ್ಕಾರ ಆಗಿರಲಿಲ್ಲ. ದೇವದುರ್ಗದಲ್ಲಿ ಅನ್ಯರ ಹೊಲಗಳಲ್ಲಿ ದುಡಿಯುತ್ತಿದ್ದ ನಮ್ಮ ಮನೆಗೆ ಬಾಗಿಲೆಂದರೆ ಒಂದು ತಟ್ಟಿ. ಕಾಯುವುದಕ್ಕೆ ನಮ್ಮಲ್ಲಿ ಮರವೇ ಇರಲಿಲ್ಲ.

ಆದರೆ ಸಾ ಮಿಲ್ ಕುರಿತು ನಾನು ಆ ಹೊತ್ತಿಗೆ ಸರ್ವಜ್ಞನೆಂಬ ಭ್ರಮೆಯಲ್ಲಿದ್ದೆ. ಟಂಟಂ ಎಂಬ ಮೂರುಗಾಲಿಯ ಗಾಡಿಯಲ್ಲಿ ನಗರದ ಹೊರಗಿನ ಒಂದು ಮಿಲ್ಲಿಗೆ ಹೋಗಿ, ನಮ್ಮ ದಿಮ್ಮಿ ಇಳಿಸಿ, ಅಲ್ಲೇ ಇನ್ನೊಂದು ಬೇವಿನ ದಿಮ್ಮಿಯ ಮೇಲೆ ಕುಳಿತಿದ್ದ ಕಲ್ಲೂರಿನ ಹನುಮಂತಪ್ಪ ಎಂಬ ರೈತರ ಪಕ್ಕದಲ್ಲಿ ಕುಳಿತೆ. ಹೊಸ ಮನೆಯ ಬಾಗಿಲ ಚೌಕಟ್ಟಿಗೆಂದು ಅವರು ತಮ್ಮ ಮನೆ ಮುಂದಿನ ಮರ ತಂದಿದ್ದರು. ನಾನು ಇಂಜಿನಿಯರನೆಂದು ತಿಳಿದ ಮೇಲೆ, ತಮ್ಮ ಕಟ್ಟಿಗೆಯನ್ನೂ ಒಂದಿಷ್ಟು ನೋಡಿಕೊಳ್ಳಬೇಕೆಂದು ವಿನಯದಿಂದ ಕೇಳಿ, ನಿಶ್ಚಿಂತರಾಗಿ ಚಹಾ ಕುಡಿಯಲು ಹೋದರು.

ಎರಡು ಮರಗಳ ಏಕೈಕ ಕಾವಲುಗಾರನಾದ ನಾನು ಮಾಡಿದ್ದೇನು? ತಲೆಯೆತ್ತಿ ನೋಡಿದರೆ, ಆಹಾ, ಮಾಡಿನ ತಗಡಿನ ಮೇಲೆ ಎಂಥ ತುಕ್ಕು! ಪ್ರತಿ ಬೋಲ್ಟಿನ ಕೆಳಗೂ ಒಂದೊಂದು ಕಂದು ಕಣ್ಣೀರಿನ ಗೆರೆ; ನಾನು ಮೇಜಿನ ಮೇಲೆ ಬಳಿದಿದ್ದು ಅಡ್ಡಡ್ಡ, ಪೂರಾ ತಪ್ಪು. ಗರಗಸದ ಪಟ್ಟಾ ಗಾಲಿಯ ಮೇಲೆ ಎತ್ತ ತಿರುಚಿಕೊಂಡು ಹೋಗುತ್ತದೆ, ಹೊಟ್ಟು ಎಲ್ಲಿ ಗುಡ್ಡೆಯಾಗುತ್ತದೆ, ಕಂಬದ ಬುಡಕ್ಕೆ ಎಣ್ಣೆ ಎಷ್ಟೆತ್ತರ ಸಿಡಿದಿದೆ, ಎಲ್ಲವನ್ನೂ ಫೋನಿನಲ್ಲಿ ಸೆರೆಹಿಡಿಯುತ್ತಾ ಕತ್ತು ಉದ್ದ ಮಾಡಿಕೊಂಡು ಅಡ್ಡಾಡಿದೆ. ನಡುವೆ ಹಮಾಲನೊಬ್ಬ ಬಂದು ಎರಡು ದಿಮ್ಮಿಗಳಲ್ಲಿ ಒಂದನ್ನು ತೋರಿಸಿ, ತೊಟ್ಟಿಲ ಹಲಗಿಗೆ ಇದೇ ಏನ್ರಿ ಎಂದು ಕೇಳಿದ. ನಾನು ತುಕ್ಕಿನಿಂದ ಕಣ್ಣು ಕೀಳದೆ ಹೂಂ ಎಂದೆ.

ಹಲಗೆಗಳು ಮನೆಗೆ ಬಂದವು, ಹಿಂದಿನ ಕೋಣೆಯ ನೆರಳಿನಲ್ಲಿ ವಾರಗಟ್ಟಲೆ ಆರಿದವು, ನನ್ನ ಗಿರಣಿಯ ತುಕ್ಕು ಗಣನೀಯವಾಗಿ ಸುಧಾರಿಸಿತು. ಗೌತಮಿ ಬಂದ ಮೇಲೆ ಬಡಿಗೇರರು ಅಳತೆಗೆಂದು ಬಂದರು. ಅಂದು ಶಾರದಾ ಒಂದೊಂದೇ ಹಲಗೆಯನ್ನು ತಿರುವಿ ಹಾಕಿ ನೋಡಿದಳು, ಮತ್ತೊಮ್ಮೆ ನೋಡಿದಳು. ಕೊಕ್ಕೆಯ ಕಪ್ಪು ಗುರುತು ಎಲ್ಲಿಯೂ ಇರಲಿಲ್ಲ. ಆಕೆ ನನ್ನ ಮುಖ ನೋಡಿದಳು. ನನಗೆ ಆ ಹೂಂ ನೆನಪಾಯಿತು.

ಮಿಲ್ಲಿನ ಮಾಲಕರನ್ನು ವಿಚಾರಿಸಿ, ಭಾನುವಾರ ಬಸ್ಸು ಹತ್ತಿ ಇಬ್ಬರೂ ಕಲ್ಲೂರಿಗೆ ಹೋದೆವು. ಹುಡುಕುವ ಕಷ್ಟವೇನೂ ಬರಲಿಲ್ಲ. ಸುಣ್ಣದ ವಾಸನೆ ಇನ್ನೂ ಆರದ ಹೊಸ ಮನೆಯ ಮುಂದೆ ನಮ್ಮ ಬೇವು ನೆಟ್ಟಗೆ ನಿಂತಿತ್ತು. ಬಲಗಡೆಯ ನಿಲುವಿನಲ್ಲಿ, ಹೆಚ್ಚುಕಡಿಮೆ ಅದೇ ಎತ್ತರದಲ್ಲಿ, ಆ ಕಪ್ಪು ಗುರುತು. ಹನುಮಂತಪ್ಪನವರ ತಾಯಿ ಈರಮ್ಮ ಅದನ್ನು ಶುಭವೆಂದೇ ಬಗೆದು, ಅರಿಶಿನ ಸವರಿ ನಡುವೆ ಕುಂಕುಮ ಇಟ್ಟಿದ್ದರು. ವಿಷಯ ಕೇಳಿ ಹನುಮಂತಪ್ಪ ಮೆತ್ತಗಾದರು. ಚಹಾಕ್ಕೆ ಹೋದದ್ದು ತಮ್ಮದೇ ತಪ್ಪೆಂದರು. ಬೇಕೆಂದರೆ ಚೌಕಟ್ಟು ತೆಗೆಸಿಕೊಡುವುದಾಗಿ ಹೇಳಿದರು. ಪೂಜೆಯಾದ ಬಾಗಿಲು ಕೀಳುವ ಮಾತಿಗೆ ಈರಮ್ಮನವರ ಮುಖ ಬಿಳಿಚಿಕೊಂಡಿತು, ಆದರೂ ಆಕೆ ಮಗನ ಮಾತಿಗೆ ಅಡ್ಡ ಬರಲಿಲ್ಲ.

ಶಾರದಾ ಆ ಗುರುತಿನ ಮೇಲೆ ಅಂಗೈ ಇಟ್ಟಳು. ಆಮೇಲೆ ಕೈ ತೆಗೆದು ಹೇಳಿದಳು.

"ಬ್ಯಾಡ್ರಿ ಯಪ್ಪಾ. ತೊಟ್ಟಿಲ ಆಗಿದ್ರ ಕೂಸು ನಡಿಯೋತನಕ ಇದ್ದು ಅಟ್ಟ ಏರತಿತ್ತು. ಇಲ್ಲಿ ಮಂದಿ ಹೋಗಿ ಬಂದು ಮಾಡ್ತಾರ, ನಿಂದ್ರಲಿ."

ಈರಮ್ಮ ಆಕೆಯ ಕೈ ಹಿಡಿದು ಒಳಗೆ ಕರೆದೊಯ್ದು ಊಟಕ್ಕೆ ಕೂರಿಸಿದರು. ಮಾತು ಉದಾರವಾಗಿತ್ತು, ಆದರೆ ವಾಪಸು ಬರುವಾಗ ಬಸ್ಸಿನ ಕಿಟಕಿಯತ್ತ ಮುಖ ತಿರುಗಿಸಿ ಶಾರದಾ ಅತ್ತಳು. ನನಗೆ ನಾಚಿಕೆಯಾಯಿತು, ದುಃಖವೂ ಆಯಿತು, ಮತ್ತು ಜೇಬಿನ ಫೋನಿನೊಳಗೆ ಆ ತುಕ್ಕಿನ ಚಿತ್ರಗಳೆಲ್ಲ ಕ್ಷೇಮವಾಗಿದ್ದವು.

ತೊಟ್ಟಿಲು ಕಲ್ಲೂರಿನ ಬೇವಿನಲ್ಲಿ ಆಯಿತು. ಹೆಣ್ಣು ಕೂಸು. ಹೆಸರಿಡುವ ದಿನ ಈರಮ್ಮ ರವಿಕೆಗೆಂದು ಖಣದ ಬಟ್ಟೆ ಹಿಡಿದುಕೊಂಡು ಬಂದವರು ಮೊದಲು ಕೂಸನ್ನು ನೋಡದೆ ತೊಟ್ಟಿಲಿನ ಪಟ್ಟಿಗಳನ್ನು ಸವರಿದರು. ಈ ಮರದ ಕೆಳಗೆ ತಮ್ಮ ಯಜಮಾನರು ದಿನಾ ಕೂರುತ್ತಿದ್ದರು ಎಂದು ಗೌತಮಿಗೆ ಹೇಳಿದರು. ಕಾಯಲು ಹೋದವನು ಕಳೆದದ್ದು ತನ್ನೊಬ್ಬನ ಮರವಲ್ಲ ಎಂಬುದು ನನಗೆ ಅಂದು ಪೂರ್ತಿ ತಿಳಿಯಿತು.

ಮೊನ್ನೆ ನನ್ನ ಗಿರಣಿಗೆ ಒಬ್ಬ ಹೊಸಬನನ್ನು ಸೇರಿಸಿದೆ. ಕಿಟ್ಟಿನಲ್ಲಿ ಇಲ್ಲದವನು, ಸೋರುವ ನಲ್ಲಿಗೆ ಮೆತ್ತುವ ಹಿಟ್ಟಿನಲ್ಲಿ ನಾನೇ ಮಾಡಿದವನು. ಬೋಳುತಲೆ, ಕನ್ನಡಕದ ಜಾಗದಲ್ಲಿ ಒಂದು ಕಪ್ಪು ಗೆರೆ. ತನ್ನ ಹಲಗೆಗಳಿಗೆ ಬೆನ್ನು ಮಾಡಿ, ಕತ್ತು ಉದ್ದ ಮಾಡಿ ತಗಡಿನ ಮಾಡು ನೋಡುತ್ತಿರುವಂತೆ ದಿಮ್ಮಿಯ ಮೇಲೆ ಕೂರಿಸಿ, ಅಂಟು ಒಣಗಲೆಂದು ಬಿಟ್ಟು ಮಲಗಿದೆ. ಎದ್ದು ನೋಡಿದರೆ ಯಾರೋ ಅವನನ್ನು ತಿರುಗಿಸಿ, ಹಲಗೆಗಳತ್ತ ಮುಖ ಮಾಡಿ ಕೂರಿಸಿದ್ದರು. ಅಂಟು ಅಷ್ಟರಲ್ಲಿ ಗಟ್ಟಿಯಾಗಿತ್ತು.

ಶಾರದಾ ತೊಟ್ಟಿಲ ಹಗ್ಗ ಜಗ್ಗುತ್ತಾ ಗೋಡೆ ನೋಡುತ್ತಿದ್ದಳು. ನಾನು ಏನೋ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಹಗ್ಗವನ್ನು ನನ್ನ ಕೈಗಿಟ್ಟು ಎದ್ದಳು.

"ಕೂಸಿನ ಕಡಿ ನೋಡ್ಕೋತ ಕುಂದರ್ರಿ. ನಾ ಚಾ ಮಾಡ್ತೀನಿ."

ನಾನು ಗಿರಣಿಗೆ ಬೆನ್ನು ಮಾಡಿ ಕುಳಿತೆ.