ಕ್ಯಾನ್ವಾಸಿಗೂ ಆಯುಧಪೂಜೆ

ಹೊಟ್ಟೆ ಬಟ್ಟೆ ಕಟ್ಟಿ ಕೂಡಿಸಿದ ಹೊಸ ಕಾಲದ ಚಿತ್ರಗಳನ್ನು ಮನೆಯಲ್ಲಿ ನಾನೊಬ್ಬನೇ ನೋಡಿಕೊಂಡಿರುವುದು ಸ್ವಾರ್ಥವೆಂದು ಹೋದ ವರ್ಷ ಜ್ಞಾನೋದಯವಾಯಿತು. ಮಧುಗಿರಿಯಲ್ಲಿ ನಮ್ಮಣ್ಣನ ಮಗನ ಹಲ್ಲಿನ ಆಸ್ಪತ್ರೆಯಿದೆ. ಲೋಕಕಲ್ಯಾಣಾರ್ಥವಾಗಿ, ರೋಗಿಗಳು ಕಾಯುವ ಕೋಣೆಯ ಗೋಡೆಗಳಿಗೆ ಅವನ್ನೆಲ್ಲ ನೇತುಹಾಕಿದೆ.

ದಸರಾ ಮುಗಿದು ಬಾಗಿಲು ತೆರೆದ ದಿನ ಹೋಗಿ ನೋಡುತ್ತೇನೆ, ನನ್ನ ಅಚ್ಚುಮೆಚ್ಚಿನ ಕ್ಯಾನ್ವಾಸಿಗೆ, ಕಪ್ಪು ಬಯಲಿನಲ್ಲಿ ಒಂದೇ ಒಂದು ಕೆಂಪು ಗೆರೆಯಿರುವ ಆ ಕೃತಿಗೆ, ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಮೇಲೊಂದು ಸೇವಂತಿಗೆ ಹಾರ.

"ಯಾರಮ್ಮ ಇದನ್ನ ಮಾಡಿದ್ದು?" ಎಂದು ನರ್ಸಮ್ಮನನ್ನು ಕೇಳಿದೆ.

"ನಾನೇ ಸಾರ್. ಹಲ್ ಕೀಳೋ ಇಕ್ಕಳಕ್ಕೂ ಇಟ್ಟೆ, ಕರೆಂಟಿನ ಯುಪಿಎಸ್‌ಗೂ ಇಟ್ಟೆ. ಇದೊಂದನ್ನೇ ಬುಟ್ರೆ ಚೆನ್ನಾಗಿರ್ತದಾ?"

ಕಲೆಯನ್ನು ಇಕ್ಕಳದ ಸಾಲಿಗೆ ಸೇರಿಸಿದ ಮಹಾಪರಾಧಕ್ಕೆ ಕ್ಷಮೆಯಿಲ್ಲವೆಂದು ತೀರ್ಮಾನಿಸಿ, ಮನೆಗೆ ಒಯ್ಯಲು ಚಿತ್ರವನ್ನು ಮೊಳೆಯಿಂದ ಇಳಿಸಿದೆ. ಕೆನ್ನೆ ಊದಿಸಿಕೊಂಡು ಕೂತಿದ್ದ ಐ.ಡಿ.ಹಳ್ಳಿಯ ಅಜ್ಜಿಯೊಬ್ಬರು ಬಾಯಿಗೆ ಒತ್ತಿದ್ದ ಸೆರಗನ್ನು ತೆಗೆದರು.

"ಅದನ್ಯಾಕಪ್ಪ ತಗಂಡೋಗ್ತೀಯ? ಬಂದಾಗೆಲ್ಲ ಅದನ್ನೇ ನೋಡ್ಕಂಡು ಕುಂತಿರ್ತೀನಿ. ನನ್ ಹಲ್ಲುನೋವು ಥೇಟ್ ಅಂಗೇ ಐತೆ. ಡಾಕ್ಟ್ರಿಗೂ ಅದನ್ನೇ ತೋರ್ಸಿ ಯೋಳ್ದೆ, ಅವ್ರಿಗೆ ತಕ್ಷಣ ಗೊತ್ತಾಯ್ತು."

ಅದನ್ನು ಬರೆದ ಕಲಾವಿದನೂ ನನಗೆ ಇಷ್ಟು ಸ್ಪಷ್ಟವಾಗಿ ಅರ್ಥ ಹೇಳಿರಲಿಲ್ಲ. ಚಿತ್ರವನ್ನು ಮತ್ತೆ ಅದೇ ಮೊಳೆಗೆ ಹಾಕಿದೆ. ಹಾರವನ್ನು ಮಾತ್ರ ಕಿತ್ತೆಸೆದೆ. ಕುಂಕುಮ ಬಣ್ಣಕ್ಕೆ ಕಚ್ಚಿಕೊಂಡುಬಿಟ್ಟಿದೆ, ಎಷ್ಟು ಒರೆಸಿದರೂ ಹೋಗುವುದಿಲ್ಲ. ನನ್ನ ಸಿಟ್ಟೂ ಹಾಗೆಯೇ.