ಟೈಲರಕ್ಕನ ಕಾರಿನ ಹಿಡಿ
ಟೈಲರಕ್ಕನ ಕಾರಿನಲ್ಲಿ ಏನೇ ಮುರಿದರೂ ಆಕೆ ಮೆಕ್ಯಾನಿಕ್ಕನ ಹತ್ತಿರ ಹೋಗುವುದು ಅವನ ಸಲಹೆ ಕೇಳಿ, ಆ ಸಲಹೆಯನ್ನು ಅಲ್ಲೇ ಬಿಟ್ಟು ಬರುವುದಕ್ಕೆ. "ಪೂರ್ತಿ ಬದಲಾಯಿಸಬೇಕಕ್ಕಾ" ಎಂದು ಅವನು ಬಾಯಿ ಮುಚ್ಚುವಷ್ಟರಲ್ಲಿ ಆಕೆ ಮನೆಯಲ್ಲಿ ಬೆಸುಗೆ ಕಡ್ಡಿ ಕಾಯಿಸುತ್ತಿರುತ್ತಾಳೆ. "ಗುಂಡಿ ಕಿತ್ತೋಯ್ತು ಅಂತ ಯಾರಾದ್ರೂ ಅಂಗಿ ಎಸೀತಾರಾ?" ಅನ್ನುವುದು ಆಕೆಯ ವೇದವಾಕ್ಯ. ಕನ್ನಡಿಯ ಕವಚಕ್ಕೆ ಹಳೆ ಬಕೆಟ್ಟಿನ ತೇಪೆ, ಬಂಪರಿಗೆ ತಂತಿಯ ಕಾಜಾ ಹೊಲಿಗೆ. ಬೀದಿಯವರು ಆ ಗಾಡಿಯನ್ನು ಕೌದಿ ಎಂದು ಕರೆದರೂ ಆಕೆಗೆ ಅದು ಬಿರುದೇ. ಅಂಥವಳು ಹೋದ ತಿಂಗಳು ಗಂಡ ಕೂರುವ ಬದಿಯ ಬಾಗಿಲಿನ ಒಳಹಿಡಿ ಮುರಿದಾಗ ಅಂಗಡಿಯಿಂದ ಹೊಸದನ್ನೇ ತಂದಳು. ಊರೇ ಮೂಗಿನ ಮೇಲೆ ಬೆರಳಿಟ್ಟಿತು. ಮರುದಿನವೇ ಅದಕ್ಕೆ ಹ್ಯಾಂಗರಿನ ದಪ್ಪ ತುಂಡು ಬೆಸೆದು, ಅಂಗೈಯಗಲದ ಕೊಕ್ಕೆ ಮಾಡಿಬಿಟ್ಟಳು. "ಹೊಸದನ್ನೂ ಕೆಡಿಸಿದ್ರಲ್ಲಕ್ಕಾ" ಎಂದ ಮೆಕ್ಯಾನಿಕ್. ಪಾರ್ಶ್ವವಾಯು ಬಡಿದ ಮೇಲೆ ಗಂಡನ ಬೆರಳುಗಳು ಮಡಚುತ್ತಿರಲಿಲ್ಲ. ಆಕೆ ಸುತ್ತಿ ಬಂದು ಬಾಗಿಲು ತೆಗೆಯುವ ತನಕ ಅವನು ಮಗುವಿನ ಹಾಗೆ ಒಳಗೇ ಕಾಯಬೇಕಿತ್ತು. ಆವತ್ತು ಹೊಲಿಗೆ ಅಂಗಡಿಯ ಮುಂದೆ ಕಾರು ನಿಂತಾಗ ಅವನು ಮಣಿಕಟ್ಟನ್ನು ಕೊಕ್ಕೆಗೆ ಸಿಕ್ಕಿಸಿ ಎಳೆದ. ಬಾಗಿಲು ತೆರೆಯಿತು. ಟೈಲರಕ್ಕ ಬೇಕೆಂದೇ ತನ್ನ ಸೀಟಿನಲ್ಲೇ ಕೂತು, ಬ್ಯಾಗಿನಲ್ಲಿ ಇಲ್ಲದ್ದನ್ನು ಹುಡುಕುತ್ತ, ಅವನು ಮೊದಲು ಇಳಿಯಲೆಂದು ಕಾದಳು.