ಜಯಮೇರಿಗೆ ತಿಳಿಯಲ್ಲ ಎಂದ ದಿನ

ಜಯಮೇರಿ, ಫಾದರ್ ಮುಂದೆ ನಾನು ನಿನ್ನ ಬಗ್ಗೆ ಸುಳ್ಳು ಹೇಳಿದೆ. ಬಾಯ್ತಪ್ಪಿ ಬಂದ ಮಾತಲ್ಲ ಅದು, ಗಡಿಬಿಡಿಯಲ್ಲಿ ಆದ ತಪ್ಪೂ ಅಲ್ಲ — ಕಣ್ಣಾರೆ ಕಂಡದ್ದನ್ನು ಮರುದಿನವೇ ಇಲ್ಲವೆಂದೆ. ಹದಿನಾಲ್ಕು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಪಾಪನಿವೇದನೆಗೆ ಹೋದಾಗಲೂ ಸಣ್ಣಪುಟ್ಟ ತಪ್ಪುಗಳನ್ನು ಒಪ್ಪಿಸಿ ಎದ್ದು ಬಂದೆ.

ನಾನು ಲಿಲ್ಲಿ ಟೀಚರ್. ಆ ದಿನಗಳಲ್ಲಿ ಜಗಳೂರಿನ ಶಾಲೆಯಲ್ಲಿ ಕೆಲಸ, ಭಾನುವಾರ ನಮ್ಮ ತಗಡಿನ ಸೂರಿನ ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶ. ಆಗ ಅಲ್ಲಿ ನಮ್ಮವರ ಮನೆಗಳು ಹತ್ತೂ ಇರಲಿಲ್ಲ. ಹದಿನೈದು ದಿನಕ್ಕೊಮ್ಮೆ ಬೇರೆ ಊರಿನಿಂದ ಫಾದರ್ ಬಂದು ಪೂಜೆ ಅರ್ಪಿಸಿ ಹೋಗುತ್ತಿದ್ದರು. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದ ನನಗೆ ಭಾನುವಾರದ ಆ ಒಂದೂವರೆ ಗಂಟೆಯೇ ಸಂಸಾರ — ನೆಪಕ್ಕೆ ಹೇಳುತ್ತಿಲ್ಲ, ಇದ್ದದ್ದು ಹಾಗೆ.

ನಿನಗಾಗ ಒಂಬತ್ತು ವರ್ಷ. ಎಳವೆಯಲ್ಲಿ ಜ್ವರ ಬಂದು ಕಿವಿ ಹೋಗಿತ್ತು. ಬಸ್ ನಿಲ್ದಾಣದ ಹತ್ತಿರ ಬ್ಲೌಸ್ ಹೊಲಿಯುತ್ತಿದ್ದ ನಿನ್ನ ಅಮ್ಮ ಆರೋಗ್ಯಮ್ಮ, ಪ್ರತಿ ಭಾನುವಾರ ನಿನ್ನನ್ನು ಕೈ ಹಿಡಿದು ಕರೆತಂದು ಮೊದಲ ಸಾಲಿನಲ್ಲಿ ಕೂರಿಸಿ ಹೋಗುತ್ತಿದ್ದರು. ಮೊದಮೊದಲು ನಾನು ಹಳೆಯ ಬಟ್ಟೆಯ ಚಿತ್ರಗಳ ಸುರುಳಿಯನ್ನು ಮೊಳೆಗೆ ನೇತುಹಾಕಿ, ಪಕ್ಕದಲ್ಲಿ ನಿಂತು, ಬೆರಳಿಟ್ಟು ತೋರಿಸುತ್ತ ಕಥೆ ಹೇಳುತ್ತಿದ್ದೆ. ನೀನು ನನ್ನ ಮುಖ ನೋಡುತ್ತಿದ್ದೆ, ಚಿತ್ರ ನೋಡುತ್ತಿದ್ದೆ, ಮತ್ತೆ ಮುಖ ನೋಡುತ್ತಿದ್ದೆ.

ಆಮೇಲೆ ಪ್ರೊಜೆಕ್ಟರ್ ಬಂತು. ಧರ್ಮೋಪದೇಶದ ಟೀಚರುಗಳಿಗೆ ಮೂರು ದಿನದ ತರಬೇತಿ ಕೊಟ್ಟು, ಕಲಿತವರಲ್ಲಿ ಕೆಲವರಿಗೆ ಯಂತ್ರವನ್ನೂ ಕೊಟ್ಟರು. ನನಗೆ ಸಿಕ್ಕಿತು! ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ. ಕಿಟಕಿಗಳಿಗೆ ಕಪ್ಪು ಬಟ್ಟೆ ಹೊಡೆದು, ಗೋಡೆಗೆ ಬಿಳಿ ಬೆಡ್‌ಶೀಟ್ ಕಟ್ಟಿದೆ. ಸ್ಪೀಕರಿನಿಂದ ಸಮುದ್ರ ಮೊರೆಯಿತು, ಗುಡುಗು ಬಂತು, ಗಂಭೀರ ದನಿಯೊಂದು ಬೈಬಲ್ ಕಥೆ ಹೇಳಿತು. ಮಕ್ಕಳು ಹುಚ್ಚೆದ್ದು ಬರತೊಡಗಿದರು. ನಾನು ಬಾಯಿ ತೆರೆಯುವ ಕೆಲಸವೇ ಇರಲಿಲ್ಲ. ಹಿಂದೆ ಕೂತು ಗುಂಡಿ ಒತ್ತುತ್ತಿದ್ದೆ.

ನೀನು ಎದ್ದು ಹೋಗಿ ಸ್ಪೀಕರಿನ ಮೇಲೆ ಅಂಗೈ ಇಟ್ಟುಕೊಂಡು ಕೂತೆ. ಬಿದ್ದರೆ ಒಡೆದೀತೆಂದು ನಿನ್ನ ಕೈ ತೆಗೆದು ದೂರ ಕೂರಿಸಿದೆ. ಎರಡನೇ ತಿಂಗಳ ಹೊತ್ತಿಗೆ ನೀನಾಗಿಯೇ ಕೊನೆಯ ಬೆಂಚಿಗೆ ಹೋಗಿದ್ದೆ.

ಒಂದು ದಿನ ನಿನ್ನ ಅಮ್ಮ ಪಾಠ ಮುಗಿಯುವವರೆಗೂ ಹೊರಗೆ ಕಾದಿದ್ದರು.

“ಟೀಚರ್, ಒಂದು ಕಿಟಕಿನಾದ್ರೂ ತೆಗೆದಿಡ್ರಿ. ಕತ್ಲಾದ್ರೆ ಅವಳಿಗೆ ನಿಮ್ಮ ಬಾಯಿ ಕಾಣಲ್ಲ. ಬಾಯಿ ನೋಡೇ ಅವಳು ತಿಳ್ಕಳೋದು.”

“ಬೆಳಕು ಬಂದ್ರೆ ಚಿತ್ರ ಮಸುಕಾಗುತ್ತಮ್ಮ. ಉಳಿದ ಮಕ್ಕಳಿಗೆ ತೊಂದರೆ.”

“ಹಂಗಾದ್ರೆ ಆ ಬಟ್ಟೆ ಚಿತ್ರನಾದ್ರೂ ಒಂದೀಟು ತೋರಿಸ್ರಿ...”

ನೋಡೋಣ ಅಂದೆ. ಸುರುಳಿ ಆಗಲೇ ಮೂಲೆ ಸೇರಿತ್ತು.

ನೀವು ಏಳು ಮಕ್ಕಳು ಆ ವರ್ಷ ಪ್ರಥಮ ಪರಮ ಪ್ರಸಾದ ಸ್ವೀಕರಿಸಬೇಕಿತ್ತು, ಯೇಸುವಿನ ಶರೀರವೆಂದು ಕೊಡುವ ರೊಟ್ಟಿಯನ್ನು ಮೊದಲ ಸಲ ನಾಲಿಗೆಯ ಮೇಲೆ ಪಡೆಯಬೇಕಿತ್ತು. ಅದಕ್ಕೆ ಮುಂಚೆ ಫಾದರ್ ಮಕ್ಕಳನ್ನು ಪರೀಕ್ಷಿಸುವ ವಾಡಿಕೆ. ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ವೈರು ಸರಿಮಾಡಲೆಂದು ಚರ್ಚಿಗೆ ಬಂದೆ. ಬಾಗಿಲ ಬಳಿಯೇ ನಿಂತುಬಿಟ್ಟೆ.

ನೀನೊಬ್ಬಳೇ ಇದ್ದೆ. ಕಿಟಕಿಯ ಕಪ್ಪು ಬಟ್ಟೆ ಸರಿಸಿ, ಸುರುಳಿಯನ್ನು ನೆಲದ ಮೇಲೆ ಬಿಡಿಸಿದ್ದೆ. ಯೇಸು ಶಿಷ್ಯರಿಗೆ ರೊಟ್ಟಿ ಮುರಿದು ಕೊಟ್ಟ ಕಡೆಯ ಭೋಜನದ ಚಿತ್ರ. ಲಂಗದ ಮಡಿಲಲ್ಲಿ ಶೇಂಗಾ. ಒಂದೊಂದೇ ಬೀಜವನ್ನು ಎರಡು ಬೇಳೆ ಮಾಡಿ, ಒಬ್ಬೊಬ್ಬ ಶಿಷ್ಯನ ಮುಂದೆ ಒಂದೊಂದು ಬೇಳೆ ಇಡುತ್ತ ಹೋದೆ. ಯೇಸುವಿಗೆ ದ್ರೋಹ ಬಗೆದ, ಚೀಲ ಹಿಡಿದ ಯೂದನ ಹತ್ತಿರ ಬಂದಾಗ ಕೈ ತಡೆಯಿತು. ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದೆ — ಆಮೇಲೆ ಅವನಿಗೂ ಇಟ್ಟೆ. ಕೊನೆಗೆ ಉಳಿದ ಒಂದು ಬೇಳೆಯನ್ನು ಎರಡೂ ಅಂಗೈಯಲ್ಲಿ ಎತ್ತಿ ಹಿಡಿದು, ಯೇಸುವಿನ ಎದೆಯನ್ನು ಮುಟ್ಟಿ, ನಿನ್ನ ಎದೆಯನ್ನು ಮುಟ್ಟಿಕೊಂಡು, ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದೆ.

ನಾನು ಸದ್ದು ಮಾಡದೆ ಹಿಂದಿರುಗಿದೆ. ನಿನಗೆ ಸದ್ದು ಕೇಳದು ಎಂಬುದೂ ಆ ಕ್ಷಣ ಮರೆತಿತ್ತು.

ಮರುದಿನ ಆರು ಮಕ್ಕಳು ಪಟಪಟನೆ ಉತ್ತರ ಹೇಳಿದರು. ಫಾದರ್ ಹಿಗ್ಗಿದರು. “ಟೀಚರ್, ಚನ್ನಗಿರಿ, ಹೊನ್ನಾಳಿ ಕಡೆಯ ಟೀಚರುಗಳನ್ನೂ ಕರೆತಂದು ನಿಮ್ಮ ಪಾಠ ತೋರಿಸಬೇಕು” ಅಂದರು. ನಿನ್ನ ಸರದಿ ಬಂತು. ಅವರು ಕೇಳಿದರು, ನೀನು ಸುಮ್ಮನೆ ನಿಂತೆ. ಅವರ ತುಟಿ ಮೀಸೆ ಗಡ್ಡದಲ್ಲಿ ಮುಚ್ಚಿಹೋಗಿತ್ತು. ಫಾದರ್ ನನ್ನ ಕಡೆ ತಿರುಗಿದರು. ಕಠಿಣವಾಗಿ ಅಲ್ಲ, ಮೆಲ್ಲಗೆ —

“ಈ ಮಗುವಿಗೆ ಪರಮ ಪ್ರಸಾದ ಅಂದರೆ ಏನೆಂದು ತಿಳಿದಿದೆಯಾ? ನೀವು ಹೌದು ಅಂದರೆ ನನಗೆ ಸಾಕು.”

ಹೌದು ಅಂದರೆ ಸಾಕಾಗಿತ್ತು. ಆದರೆ ಹೇಗೆ ಕಲಿತಳು ಎಂದು ಅವರು ಕೇಳಿಯೇ ಕೇಳುತ್ತಿದ್ದರು. ನಾನು ಮೂಲೆಗೆ ಎಸೆದ ಚಿತ್ರದಿಂದ ಅನ್ನಬೇಕಿತ್ತು. ನಾಲ್ಕು ತಿಂಗಳು ಅವಳನ್ನು ಕತ್ತಲಲ್ಲಿ ಸುಮ್ಮನೆ ಕೂರಿಸಿದ್ದೆ ಅನ್ನಬೇಕಿತ್ತು. ನನ್ನ ಪಾಠ ಸೋತಿದೆ ಅನ್ನುವುದಕ್ಕಿಂತ ಮಗುವೇ ದಡ್ಡಿ ಅನ್ನುವುದು ನನಗೆ ಸುಲಭವಾಯಿತು.

“ಇಲ್ಲ ಫಾದರ್. ಅವಳಿಗೆ ತಿಳಿಯಲ್ಲ.”

ಮುಂದಿನ ವರ್ಷ ನೋಡೋಣ ಎಂದರು ಅವರು. ಆ ಸಂಜೆ ನಿಮ್ಮ ಮನೆಗೆ ಹೋಗಿ ನಿನ್ನ ಅಮ್ಮನಿಗೆ ಹೇಳಿದೆ. ಅಮ್ಮ ಆಗಲೇ ಬಿಳಿ ಫ್ರಾಕು ಹೊಲಿದಿಟ್ಟಿದ್ದರು, ಕೊರಳಿಗೆ ಲೇಸು ಹಚ್ಚುವುದಷ್ಟೇ ಬಾಕಿ. ಕೆಲಸ ನಿಲ್ಲಿಸದೆ ಅಂದರು: “ಅವಳ ಕೂಡ ಮಾತಾಡಾಕೆ ಮನೇಲಿ ನಾನೊಬ್ಬಳೇ, ಟೀಚರ್. ಇಲ್ಲಿ ಇನ್ನೊಬ್ರು ಸಿಗ್ತಾರೆ ಅನ್ಕೊಂಡಿದ್ದೆ.”

ಪರಮ ಪ್ರಸಾದದ ಹಬ್ಬದ ದಿನ ಆ ಫ್ರಾಕು ಹಾಕಿಕೊಂಡೇ ಬಂದೆ ನೀನು. ಆರು ಮಕ್ಕಳು ಸಾಲಾಗಿ ಎದ್ದಾಗ ನೀನೂ ಎದ್ದು ಅವರ ಹಿಂದೆ ನಿಂತೆ. ನಾನು ಬಂದು ನಿನ್ನ ಭುಜ ಹಿಡಿದೆ. ನೀನು ತಲೆಯೆತ್ತಿ ನನ್ನ ತುಟಿಯನ್ನೇ ನೋಡಿದೆ. ಅಂದು ಕಿಟಕಿಗಳೆಲ್ಲ ತೆರೆದಿದ್ದವು.

“ನಿನಗಲ್ಲ” ಅಂದೆ.

ನಾಲ್ಕು ತಿಂಗಳಲ್ಲಿ ನನ್ನ ಬಾಯಿಂದ ನೀನು ಓದಿಕೊಂಡ ಮಾತು ಅದೊಂದೇ ಇರಬೇಕು. ಅಳಲಿಲ್ಲ ನೀನು. ಹೋಗಿ ಬೆಂಚಿನಲ್ಲಿ ಕೂತು, ಫ್ರಾಕಿನ ನೆರಿಗೆ ಸರಿಮಾಡಿಕೊಂಡೆ.

ಆಮೇಲೆ ನೀವಿಬ್ಬರೂ ಬರಲಿಲ್ಲ. ಊರು ಬಿಟ್ಟಿರಿ ಎಂದು ಯಾರೋ ಹೇಳಿದರು. ನಾನು ಎಂದಿನಂತೆ ಪಾಠ ಮಾಡಿದೆ. ನನ್ನ ಪಾಠ ನೋಡಲು ಬೇರೆ ಊರುಗಳಿಂದ ಟೀಚರುಗಳೂ ಬಂದರು, ಹೊಗಳಿದರು. ಅವರನ್ನು ಬಸ್ಸಿಗೆ ಹತ್ತಿಸಿ ಬಂದು ಕೋಣೆಯ ಬೀಗ ತೆಗೆದರೆ — ಏನೆಂದು ಬರೆಯಲಿ. ಅಂದಿನಿಂದ ಯಾರ ಜೊತೆ ಕೂತರೂ ಒಬ್ಬಳೇ ಕೂತ ಹಾಗೆ. ನಿವೃತ್ತಿಯಾಗಿ ಚನ್ನಗಿರಿಗೆ ಬಂದೆ. ಇಲ್ಲಿ ಯಾರೂ ನನ್ನನ್ನು ಟೀಚರ್ ಅನ್ನುವುದಿಲ್ಲ. ಅದೇ ಒಂದು ಸಮಾಧಾನ.

ಕಳೆದ ತಿಂಗಳು ಹೊನ್ನಾಳಿಯ ಬಸ್ ನಿಲ್ದಾಣದಲ್ಲಿ ನಿಮ್ಮನ್ನು ಕಂಡೆ. ನೀನು ದೂರದಲ್ಲಿ ಗೆಳತಿಯೊಬ್ಬಳ ಜೊತೆ ಕೈಯಲ್ಲೇ ಮಾತಾಡುತ್ತ ನಗುತ್ತಿದ್ದೆ. ನಿನ್ನ ಅಮ್ಮ ನನ್ನನ್ನು ಗುರುತಿಸಿ ಹತ್ತಿರ ಬಂದರು.

“ಚೆನ್ನಾಗಿದೀರಾ ಟೀಚರ್? ನಾವೀಗ ನ್ಯಾಮತಿಲಿ ಇದೀವಿ. ಕಿವಿ ಕೇಳದ ಮಕ್ಕಳ ಶಾಲೆಗೆ ಹಾಕಿದ್ದೆ, ಎಸ್ಸೆಸ್ಸೆಲ್ಸಿ ಪಾಸಾದ್ಲು. ಎಲ್ಲಾ ಓದ್ತಾಳೆ.”

“ಚರ್ಚಿಗೆ ಹೋಗ್ತೀರಾ?”

“ನಾನು ಹೋಗ್ತೀನ್ರಿ. ಅವಳು ಬರ್ತಾಳೆ, ಹೊರಗೇ ಕುಂತಿರ್ತಾಳೆ. ಎಷ್ಟು ಕರೆದ್ರೂ ಒಳಗೆ ಬರಲ್ಲ. ಅದು ನನಗಲ್ಲ ಅಂತಾಳೆ.”

ಅಲ್ಲೇ ಹೇಳಬೇಕಿತ್ತು. ನೀನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಚನ್ನಗಿರಿ ಬಸ್ಸು ಬಂತು, ನಾನು ಹತ್ತಿ ಕೂತೆ.

ಮನೆಗೆ ಬಂದವಳು ಮೊದಲು ಆ ಫಾದರ್‌ಗೆ ಬರೆದೆ. ಈಗ ತುಂಬಾ ವಯಸ್ಸಾಗಿದೆ ಅವರಿಗೆ. ಫೋನು ಮಾಡಿ, “ಇದನ್ನು ನನಗಲ್ಲ, ಆ ಮಗುವಿಗೆ ಹೇಳಬೇಕಿತ್ತು ಲಿಲ್ಲಿ” ಅಂದರು.

ಹಾಗಾಗಿ ಈ ಪತ್ರ. ಕ್ಷಮೆ ಕೇಳಲು ಬರೆದದ್ದಲ್ಲ. ಕೇಳುವ ಹಕ್ಕು ನನಗಿಲ್ಲ. ನಿನ್ನಲ್ಲಿ ಕಡಿಮೆ ಏನೂ ಇರಲಿಲ್ಲ ಎಂಬುದು ನಿನಗೆ ನನ್ನ ಕೈಬರಹದಲ್ಲೇ ಸಿಗಬೇಕು, ಅಷ್ಟೆ. ಇದನ್ನು ಅಂಚೆಗೆ ಹಾಕುವುದಿಲ್ಲ. ಬರುವ ಭಾನುವಾರ ನ್ಯಾಮತಿಗೆ ಬಂದು ನಿನ್ನ ಕೈಗೇ ಕೊಡುತ್ತೇನೆ. ನಿನ್ನ ಅಮ್ಮನಿಗೆ ಮಾತ್ರ ಬಾಯಲ್ಲೇ ಹೇಳಬೇಕು — ಅವರು ಈ ಹೊತ್ತಿಗೂ ನಿನಗೆ ತಿಳಿಯಲ್ಲ ಎಂಬ ನನ್ನ ಮಾತನ್ನೇ ನಂಬಿದ್ದಾರೆ.